ಆ ಗುಲಾಬಿ ಕಲ್ಲು ಹವಳ ಅಲ್ಲ, ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ನಿನ್ನೆ ಗುಂಪಿನಲ್ಲಿ ಬಂದ, ಮೆಡಿಟರೇನಿಯನ್ ಸಮುದ್ರದ ಆಳದ ಗುಲಾಬಿ ಬಂಡೆಯ ಫೋಟೋಗೆ ಸುಮಾರು ಜನ "ಹವಳ" ಅಂತ ಬರೆದಿದ್ದೀರಿ. ಅಲ್ಲಿ ಹವಳದ ಜೀವಿಗಳೂ ಇರುತ್ತವೆ ನಿಜ. ಆದರೆ ಅವು ಕೂತಿರುವ ಆ ಗುಲಾಬಿ ಬಂಡೆಯನ್ನು ಕಟ್ಟಿದ್ದು ಮುಖ್ಯವಾಗಿ ಕೆಂಪು ಪಾಚಿ!

ಈ ಪಾಚಿ ಮೆತ್ತಗಿರುವುದಿಲ್ಲ. ತನ್ನ ಜೀವಕೋಶದ ಗೋಡೆಯಲ್ಲೇ ಸುಣ್ಣ ತುಂಬಿಕೊಂಡು ಕಲ್ಲಿನಂತೆ ಗಟ್ಟಿಯಾಗುತ್ತದೆ. ಹಳೆಯ ಪದರದ ಮೇಲೆ ಹೊಸ ಪದರ ಕೂರುತ್ತಾ ಹೋಗುತ್ತದೆ. ಬೆಳಕು ಮಬ್ಬಾಗಿರುವ 20ರಿಂದ 120 ಮೀಟರ್ ಆಳದಲ್ಲಿ ಇದರ ವಾಸ. ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಅಂದರೆ ಒಂದು ಗೇಣು ದಪ್ಪ ಆಗಲು ನೂರಾರು ವರ್ಷ ಬೇಕು. ಹತ್ತಿರದಿಂದ ನೋಡಿದರೆ ಅದರ ತುಂಬಾ ತೂತು, ಸಂದು. ಒಳಗೆ ಸ್ಪಂಜು, ಹುಳು, ಪುಟ್ಟ ಏಡಿ. ಸಂದಿನಿಂದ ಲಾಬ್‌ಸ್ಟರ್‌ನ ಮೀಸೆ ಇಣುಕುತ್ತಿರುತ್ತದೆ.

ಒಂದು ಲಂಗರು ಎಳೆದರೆ ಇಷ್ಟೂ ಪುಡಿ. ಯೋಚಿಸಿದರೇ ಹೊಟ್ಟೆ ಉರಿಯುತ್ತದೆ. ಇಂಥ ಬಂಡೆಗಳಿರುವ ಕಡೆ ತಳ ಕೆರೆಯುವ ಎಳೆಬಲೆಯನ್ನು ಯುರೋಪಿಯನ್ ಒಕ್ಕೂಟ 2006ರ ನಿಯಮದಲ್ಲೇ ನಿಷೇಧಿಸಿದೆ. ಸಮುದ್ರದ ನೀರು ಆಮ್ಲೀಯ ಆಗುತ್ತಿರುವುದು ಇನ್ನೊಂದು ಪೆಟ್ಟು. ಈ ಪಾಚಿಯ ಸುಣ್ಣದಲ್ಲಿ ಮೆಗ್ನೀಸಿಯಂ ಜಾಸ್ತಿ, ಹಾಗಾಗಿ ಬೇಗ ಕರಗುತ್ತದೆ.

ಡೈವಿಂಗ್‌ಗೆ ಹೋಗುವವರು ಸುಮ್ನೆ ಕೂಡ ಮುಟ್ಟಬೇಡಿ, ಕಾಲಿನ ಫಿನ್ ತಾಗದಂತೆ ನೋಡಿಕೊಳ್ಳಿ. ಚೂರು ಮುರಿದು ನೆನಪಿಗೆ ತರುವುದಂತೂ ಬೇಡವೇ ಬೇಡ. ಹಳೆಯ ಫೋಟೋ ಇದ್ದರೆ ಆಳ ಎಷ್ಟಿತ್ತು ಅಂತ ಬರೆದು ಇಲ್ಲಿ ಹಾಕಿ.