ಕೊರತೆ ಸೊನ್ನೆಯಾಗಬೇಕಿಲ್ಲ, ರಾಜಸ್ವ ಖಾತೆ ಸರಿದೂಗಲಿ: ಕೇಂದ್ರ ಹಣಕಾಸು ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರಿಗೆ ನಮಸ್ಕಾರ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆಯನ್ನೇ ಕಾನೂನು ಮಾಡಿ, ವರಮಾನಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಖರ್ಚಾಗದಂತೆ ಕೇಂದ್ರವನ್ನು ಕಟ್ಟಿಹಾಕಬೇಕು ಎಂಬ ಬೇಡಿಕೆ ಇದೆ. ಸಾಲಕ್ಕೆ ಮಿತಿ ಹಾಕುವ ಅಧಿಕಾರವನ್ನು ಸಂವಿಧಾನದ 292ನೇ ವಿಧಿ ಸಂಸತ್ತಿಗೆ ಕೊಟ್ಟೂ ಇದೆ. ಆದರೆ ಈ ಬೇಡಿಕೆಗೆ ನೀವು ಮಣಿಯಬೇಡಿ.

2025–26ರ ಬಜೆಟ್ ಅಂದಾಜನ್ನೇ ನೋಡೋಣ. ಖರ್ಚು 50.65 ಲಕ್ಷ ಕೋಟಿ ರೂಪಾಯಿ, ಸಾಲ ಬಿಟ್ಟು ಜಮೆ 34.96 ಲಕ್ಷ ಕೋಟಿ, ಕೊರತೆ 15.69 ಲಕ್ಷ ಕೋಟಿ. ಬಡ್ಡಿಯೇ 12.76 ಲಕ್ಷ ಕೋಟಿ, ಅದನ್ನು ಕಟ್ಟಲೇಬೇಕು. ಸಂಬಳ, ಪಿಂಚಣಿ ನಿಲ್ಲಿಸುವಂತಿಲ್ಲ. ಹಾಗಾಗಿ ಕತ್ತರಿ ಮೊದಲು ಬೀಳುವುದು ರೈಲು, ಹೆದ್ದಾರಿ ಕಾಮಗಾರಿಗಳ ಮೇಲೆ. 11.21 ಲಕ್ಷ ಕೋಟಿಯ ಬಂಡವಾಳ ವೆಚ್ಚವನ್ನು ಪೂರ್ತಿ ಅಳಿಸಿದರೂ ಕೊರತೆ ತುಂಬದು.

ನಮ್ಮ ತಕರಾರು ಬೇರೆಯದು. 2003ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯಲ್ಲಿ ರಾಜಸ್ವ ಕೊರತೆಯನ್ನು, ಅಂದರೆ ದಿನನಿತ್ಯದ ಖರ್ಚಿಗೆ ಮಾಡುವ ಸಾಲವನ್ನು, ಸೊನ್ನೆಗೆ ತರುವ ಗುರಿ ಇತ್ತು. 2018ರ ತಿದ್ದುಪಡಿ ಅದನ್ನು ಕೈಬಿಟ್ಟಿತು. 2025–26ರಲ್ಲಿ ಈ ಕೊರತೆ 5.24 ಲಕ್ಷ ಕೋಟಿ: ಸಾಲದ ಮೂರು ರೂಪಾಯಿಯಲ್ಲಿ ಒಂದು. ಇದರಲ್ಲಿ 4.27 ಲಕ್ಷ ಕೋಟಿ ಆಸ್ತಿ ಸೃಷ್ಟಿಗೆ ರಾಜ್ಯಗಳಿಗೂ ಇತರ ಸಂಸ್ಥೆಗಳಿಗೂ ಕೊಡುವ ಅನುದಾನ, ಅದನ್ನು ಕಳೆದರೆ ಉಳಿಯುವುದು ಅಲ್ಪ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಆದರೆ ಆ ಆಸ್ತಿ ಕೇಂದ್ರದ್ದಲ್ಲ. ಅದರಿಂದ ಕೇಂದ್ರಕ್ಕೆ ಆದಾಯ ಬರುವುದಿಲ್ಲ, ಸಾಲದ ಬಡ್ಡಿ ಮಾತ್ರ ಕೇಂದ್ರದ ತಲೆಗೇ.

ರಾಜಸ್ವ ಕೊರತೆಯನ್ನು ಸೊನ್ನೆಗೆ ತರುವುದು ಅಸಾಧ್ಯದ ಮಾತೇನೂ ಅಲ್ಲ. ರಾಜ್ಯಸಭೆಯಲ್ಲಿ ನೀವು ಪ್ರತಿನಿಧಿಸುವ ಕರ್ನಾಟಕ ಕೇಂದ್ರಕ್ಕಿಂತ ಮೊದಲೇ, 2002ರಲ್ಲಿ, ಇಂಥ ಕಾಯ್ದೆ ಮಾಡಿತು. 2004–05ರಿಂದ ಕೋವಿಡ್ ಬರುವವರೆಗೂ ರಾಜಸ್ವ ಹೆಚ್ಚುವರಿಯನ್ನೇ ತೋರಿಸಿತು. (ಈಗಿನ ಸ್ಥಿತಿ ಹಾಗಿಲ್ಲ, ಅದಕ್ಕೆ ಬೆಂಗಳೂರಿಗೆ ಬೇರೆಯೇ ಪತ್ರ ಬರೆಯಬೇಕು.)

ಗುರಿ ಬಿಗಿಯಾದಷ್ಟೂ ಲೆಕ್ಕ ಬಚ್ಚಿಡುವ ಆಸೆ ಹೆಚ್ಚು. ಕೇಂದ್ರದ್ದು ನಗದು ಲೆಕ್ಕ: ಮಾರ್ಚ್ 31ರೊಳಗೆ ಪಾವತಿಯಾಗದ ರಸಗೊಬ್ಬರ ಸಬ್ಸಿಡಿ ಬಿಲ್ಲು ಆ ವರ್ಷದ ಕೊರತೆಯಲ್ಲಿ ಕಾಣುವುದೇ ಇಲ್ಲ. ಕೇಂದ್ರ ಕೊಡಬೇಕಾದ ಸಬ್ಸಿಡಿಯ ಬದಲು ಭಾರತೀಯ ಆಹಾರ ನಿಗಮ ಸಣ್ಣ ಉಳಿತಾಯ ನಿಧಿಯಿಂದ ಸಾಲ ಎತ್ತುತ್ತಿದ್ದಾಗ ಆಹಾರ ಸಬ್ಸಿಡಿಯ ದೊಡ್ಡ ಪಾಲು ಬಜೆಟ್ಟಿನ ಹೊರಗಿತ್ತು. ಆ ಸಾಲ ತೀರಿಸಲು ಹೊರಟ 2020–21ರಲ್ಲಿ 1.15 ಲಕ್ಷ ಕೋಟಿಯ ಸಬ್ಸಿಡಿ ಅಂದಾಜು ಪರಿಷ್ಕರಣೆಯಲ್ಲಿ 4.22 ಲಕ್ಷ ಕೋಟಿಗೆ ಏರಿತು. ಕೋವಿಡ್ ಕಾಲದ ಉಚಿತ ಪಡಿತರವೂ ಅದರಲ್ಲಿತ್ತು, ನಿಜ. ಬಜೆಟ್ಟಿನ ಹೊರಗಿದ್ದ ಆ ಸಾಲವನ್ನು ಲೆಕ್ಕದೊಳಗೆ ತಂದ ಶ್ರೇಯಸ್ಸು ನಿಮ್ಮದೇ. ಮುಂದಿನವರು ಹಿಂದಿನ ದಾರಿ ಹಿಡಿಯದಂತೆ ತಡೆಯುವ ಕಲಮು ಬೇಕು.

ಈಗ ನೀವು ಹಿಡಿದಿರುವ ಗುರಿ 2031ರ ಮಾರ್ಚ್‌ಗೆ ಜಿಡಿಪಿಯ ಶೇ 50ರಷ್ಟು ಸಾಲ, ಒಂದು ಅಂಶ ಆಚೀಚೆ. 2018ರ ತಿದ್ದುಪಡಿಯಲ್ಲಿ ಬರೆದದ್ದು 2024–25ರ ಹೊತ್ತಿಗೆ ಶೇ 40! ಮೇಲಾಗಿ ಈ ಅನುಪಾತ ಇಳಿಯಲು ಸಾಲ ಇಳಿಯಲೇಬೇಕಿಲ್ಲ, ಬೆಲೆಗಳು ಏರಿ ಜಿಡಿಪಿ ಉಬ್ಬಿದರೂ ಸಾಕು. ಗುರಿ ತಪ್ಪಿದರೆ ಕಾಯ್ದೆ ಕೇಳುವುದು ಸದನದಲ್ಲೊಂದು ವಿವರಣೆ, ಅಷ್ಟೇ.

ಆದ್ದರಿಂದ ರಾಜಸ್ವ ಕೊರತೆಯ ಗುರಿಯನ್ನು ದಿನಾಂಕ ಸಮೇತ ಕಾಯ್ದೆಗೆ ಮರಳಿ ಸೇರಿಸಿ. ಬರ, ಯುದ್ಧದ ವರ್ಷಗಳಲ್ಲಿ ಕೊರತೆ ಗುರಿಯನ್ನು ಜಿಡಿಪಿಯ ಶೇ 0.5ರಷ್ಟು ಮೀರಲು ಈಗಿರುವ ವಿನಾಯಿತಿ ಇರಲಿ, ಎಷ್ಟು ವರ್ಷದಲ್ಲಿ ಹಿಂತಿರುಗಬೇಕೆಂಬ ಗಡುವೂ ಇರಲಿ. ಬಜೆಟ್ಟಿನಿಂದಲೇ ತೀರಿಸಬೇಕಾದ ನಿಗಮಗಳ ಸಾಲ ಕೊರತೆಯಲ್ಲೇ ಸೇರಲಿ. ರಾಜ್ಯಗಳ ಸಾಲಕ್ಕೆ ಕೇಂದ್ರದ ಒಪ್ಪಿಗೆ ಕೇಳುವ 293ನೇ ವಿಧಿಯಡಿ ನೀವು ರಾಜ್ಯಗಳಿಗೆ ಹಾಕುವ ಇದೇ ನಿಯಮ ನಿಮಗೂ ಅನ್ವಯಿಸಲಿ. ಈ ಕಾಯ್ದೆಯ ಪರಿಶೀಲನೆಗೆ ನೇಮಿಸಿದ್ದ ಎನ್.ಕೆ. ಸಿಂಗ್ ಸಮಿತಿ 2017ರಲ್ಲೇ ಹೇಳಿದ ಸ್ವತಂತ್ರ ವಿತ್ತೀಯ ಮಂಡಳಿಯನ್ನು ರಚಿಸಿ. ತೆರಿಗೆ ಅಂದಾಜಿನ ಬಗ್ಗೆ ಅದರ ವರದಿ ಬಜೆಟ್ ಮತಕ್ಕೆ ಹೋಗುವ ಮೊದಲೇ ಸಂಸದರ ಕೈಸೇರಬೇಕು.

ಇಂತಿ,
ಸರ್ಕಾರಿ ಲೆಕ್ಕಪತ್ರ ಬಲ್ಲ ಕೆಲವು ನಾಗರಿಕರು