ಕಮಲಾ ಸೊಹೊನಿ ನೆನಪು ಮತ್ತು ಲ್ಯಾಬಿನ ಆ್ಯಸಿಡ್ ಬೀರು

ಮಾನ್ಯ ಸಂಪಾದಕರೇ,

ವಿಜ್ಞಾನ ದಿನದಂದು ಸಿ.ವಿ. ರಾಮನ್ ಅವರನ್ನು ನೆನೆಯುವ ವೇದಿಕೆಯಲ್ಲಿ ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿಯವರನ್ನೂ ನೆನೆಯಬೇಕು. ಬಾಂಬೆ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಮುಗಿಸಿದ ಕಮಲಾ ಭಾಗವತ್ (ಮದುವೆಗೆ ಮುಂಚಿನ ಹೆಸರು) 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಹೆಣ್ಣು ಎಂಬ ಕಾರಣಕ್ಕೆ ಆಗಿನ ನಿರ್ದೇಶಕ ರಾಮನ್ ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಸೇರಿಸಿಕೊಂಡದ್ದು ಷರತ್ತಿನ ಮೇಲೆ: ಮೊದಲ ವರ್ಷ ಪರೀಕ್ಷಾರ್ಥ, ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ಕೆಲಸ, ಗಂಡಸರ ಗಮನ ಕೆಡಿಸಬಾರದು. ಎಂ. ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನ್ ಕುರಿತು ಅವರು ಮಾಡಿದ ಕೆಲಸ ನೋಡಿ ರಾಮನ್ ಮನಸ್ಸು ಬದಲಾಯಿತು, ಮುಂದೆ ಬೇರೆ ಹೆಣ್ಣುಮಕ್ಕಳಿಗೂ ಅಲ್ಲಿ ಬಾಗಿಲು ತೆರೆಯಿತು. ಕೇಂಬ್ರಿಜ್‌ನಲ್ಲಿ ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತ ಸಸ್ಯದ ಜೀವಕೋಶಗಳಲ್ಲೂ ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಸಿ ಎಂಬ ಪ್ರೋಟೀನ್ ಇದೆ ಎಂದು ತೋರಿಸಿ 1939ರಲ್ಲಿ ಪಿಎಚ್.ಡಿ. ಪಡೆದರು. ಪ್ರಬಂಧ ಬರೀ 40 ಪುಟ. ಭಾರತಕ್ಕೆ ಮರಳಿದ ಮೇಲೆ ತಾಳೆ ಜಾತಿಯ ಮರಗಳಿಂದ ಇಳಿಸುವ ‘ನೀರಾ’ ಪಾನೀಯದ ಪೋಷಕಾಂಶಗಳನ್ನು ಅಳೆದು, ಆದಿವಾಸಿ ಮಕ್ಕಳ ಮತ್ತು ಬಸುರಿಯರ ಅಪೌಷ್ಟಿಕತೆಗೆ ಅದು ಹೇಗೆ ಒದಗುತ್ತದೆಂದು ತೋರಿಸಿದರು. ಮುಂಬೈನ ವಿಜ್ಞಾನ ಸಂಸ್ಥೆಯ ನಿರ್ದೇಶಕಿಯಾದರು. ಇಷ್ಟೆಲ್ಲ ಆದರೂ ಬೆಂಗಳೂರಿನ ಆ ಅವಮಾನವನ್ನು ಇಳಿವಯಸ್ಸಿನಲ್ಲೂ ಅವರು ಮರೆತಿರಲಿಲ್ಲ.

ಅಂಥ ರಸಾಯನ ವಿಜ್ಞಾನಿಯ ನಾಡಿನಲ್ಲಿ ಹೆಣ್ಣುಮಕ್ಕಳನ್ನು ಸುಡಲು ರಾಸಾಯನಿಕವೇ ಬಳಕೆಯಾಗುತ್ತಿದೆ. 2024ರ ಮಾರ್ಚ್‌ನಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಕಡಬದ ಕಾಲೇಜಿನಲ್ಲೇ, ಪರೀಕ್ಷೆಗೆಂದು ಓದುತ್ತಿದ್ದ ಮೂವರು ಪಿಯು ವಿದ್ಯಾರ್ಥಿನಿಯರ ಮೇಲೆ ಆ್ಯಸಿಡ್ ಎರಚಲಾಯಿತು. ರಸಾಯನಶಾಸ್ತ್ರ ಕಲಿಸುವವರಾಗಿ ಈ ಪತ್ರ ಬರೆಯುತ್ತಿರುವುದು ಇದೇ ಕಾರಣಕ್ಕೆ.

2013ರ ಜುಲೈನ ಸುಪ್ರೀಂ ಕೋರ್ಟ್ ಆದೇಶದಲ್ಲಿ ಆ್ಯಸಿಡ್ ಮಾರುವ ಅಂಗಡಿಗಳಿಗೆ ಹೇಳಿದ್ದು ಎಲ್ಲರಿಗೂ ಗೊತ್ತು: ವಿಳಾಸವಿರುವ ಗುರುತಿನ ಚೀಟಿ ನೋಡಬೇಕು, ಯಾಕೆ ಬೇಕೆಂದು ಬರೆಸಿಕೊಳ್ಳಬೇಕು, 18 ವರ್ಷದೊಳಗಿನವರಿಗೆ ಮಾರಬಾರದು, ತಪ್ಪಿದರೆ 50,000 ರೂಪಾಯಿವರೆಗೆ ದಂಡ. ಅದೇ ಆದೇಶ ನಮ್ಮ ಲ್ಯಾಬುಗಳಿಗೂ ಅನ್ವಯಿಸುತ್ತದೆ ಎಂಬುದು ಎಷ್ಟೋ ಕಾಲೇಜುಗಳ ಗಮನದಲ್ಲಿಲ್ಲ. ಶಿಕ್ಷಣ ಸಂಸ್ಥೆಗಳು ಆ್ಯಸಿಡ್ ಬಳಕೆಯ ರಿಜಿಸ್ಟರ್ ಇಡಬೇಕು, ಅದಕ್ಕೆ ಒಬ್ಬರು ಹೊಣೆಗಾರರಿರಬೇಕು, ಲ್ಯಾಬಿನಿಂದ ಹೊರಡುವವರನ್ನು ತಪಾಸಣೆ ಮಾಡಲೇಬೇಕು.

ರಿಜಿಸ್ಟರ್ ಅಂದರೆ ತಪಾಸಣೆಯ ಹಿಂದಿನ ದಿನ ಒಂದೇ ಪೆನ್ನಿನಲ್ಲಿ ವರ್ಷದ ಲೆಕ್ಕ ತುಂಬುವುದಲ್ಲ. ಎರಡೂವರೆ ಲೀಟರಿನ ಕಂದು ಬಾಟಲಿಯಲ್ಲಿ ಆ್ಯಸಿಡ್ ಎಷ್ಟಿದೆಯೆಂದು ಕಣ್ಣಳತೆಯಲ್ಲಿ ತಿಳಿಯುವುದಿಲ್ಲ. ಆದ್ದರಿಂದ ತೂಕ ಮಾಡಿ. ಸಾರಯುಕ್ತ (ನೀರು ಬೆರೆಸಿ ತೆಳುವಾಗಿಸದ) ಸಲ್ಫ್ಯೂರಿಕ್ ಆಮ್ಲ 100 ಮಿ.ಲೀ. ಎಂದರೆ 184 ಗ್ರಾಂ. ಬೀರುವಿನಿಂದ ತೆಗೆಯುವಾಗ ಒಮ್ಮೆ, ಇಡುವಾಗ ಒಮ್ಮೆ ತೂಗಿ ಬರೆದರೆ 50 ಮಿ.ಲೀ. ಕಾಣೆಯಾದರೂ 92 ಗ್ರಾಂ ವ್ಯತ್ಯಾಸ ಸಿಕ್ಕಿಬೀಳುತ್ತದೆ. ಒಂದು ಎಚ್ಚರ: ಈ ಆಮ್ಲ ಗಾಳಿಯ ತೇವ ಹೀರುತ್ತದೆ. ಮುಚ್ಚಳ ಸಡಿಲವಿದ್ದರೆ, ಅದರಲ್ಲೂ ಮಳೆಗಾಲದಲ್ಲಿ, ತೂಕ ಏರಿ ಕಳವು ಮರೆಯಾಗುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಹೊಗೆಯಾಡುವುದರಿಂದ ತೂಕ ತಾನಾಗಿ ಇಳಿಯುತ್ತದೆ. ಎರಡಕ್ಕೂ ಮುಚ್ಚಳ ಬಿಗಿಯಾಗಿರಬೇಕು. ಬೀಗದಕೈ ಗೋಡೆಯ ಮೊಳೆಗೆ ನೇತುಹಾಕುವ ರೂಢಿ ನಿಲ್ಲಲಿ.

ಇನ್ನೊಂದು, ಬೇಕಿಲ್ಲದ ಕಡೆ ಸಾರಯುಕ್ತ ಆಮ್ಲ ಕೊಡುವುದೇ ಬೇಡ. ಪರ್ಮಾಂಗನೇಟ್ ಅನುಮಾಪನೆಗೆ (ಟೈಟ್ರೇಶನ್) ಸಾರರಿಕ್ತ, ಅಂದರೆ ನೀರು ಬೆರೆಸಿ ತೆಳುವಾಗಿಸಿದ, ಸಲ್ಫ್ಯೂರಿಕ್ ಆಮ್ಲ ಸಾಕು. ಉಪನ್ಯಾಸಕರೇ ಬೆಳಗ್ಗೆ ಸುಮಾರು 700 ಮಿ.ಲೀ. ನೀರಿಗೆ 110 ಮಿ.ಲೀ. ಸಾರಯುಕ್ತ ಆಮ್ಲವನ್ನು ನಿಧಾನವಾಗಿ, ಕಲಕುತ್ತ ಸೇರಿಸಿ, ತಣಿದ ಮೇಲೆ ಒಂದು ಲೀಟರ್‌ ಮಾಡಿದರೆ 2 ಮೋಲಾರ್ ದ್ರಾವಣ ಸಿದ್ಧ. ನೈಟ್ರೇಟಿನ ಕಂದು ಉಂಗುರ ಪರೀಕ್ಷೆಗೆ ಸಾರಯುಕ್ತವೇ ಬೇಕು ನಿಜ, ಆದರೆ ಒಬ್ಬರಿಗೆ ಒಂದೆರಡು ಮಿ.ಲೀ. ಮಾತ್ರ. ಅದನ್ನು ಉಪನ್ಯಾಸಕರ ಮೇಜಿನಿಂದಲೇ ಪ್ರಣಾಳಕ್ಕೆ ಹಾಕಿಕೊಡಬಹುದು. ವಿದ್ಯಾರ್ಥಿಗಳ ಮೇಜಿನ ಮೇಲೆ ಬಾಟಲಿ ಇಡುವ ಅಗತ್ಯವಿಲ್ಲ.

ಕಾನೂನು ಸಡಿಲವಾಗಿಲ್ಲ. ಭಾರತೀಯ ನ್ಯಾಯ ಸಂಹಿತೆಯ 124ನೇ ಕಲಂ ಪ್ರಕಾರ ಆ್ಯಸಿಡ್ ದಾಳಿಯಿಂದ ಗಾಯವಾದರೆ ಕನಿಷ್ಠ 10 ವರ್ಷದಿಂದ ಜೀವಾವಧಿ, ಎರಚಲು ಯತ್ನಿಸಿದರೂ 5ರಿಂದ 7 ವರ್ಷ ಸೆರೆವಾಸ. ಸಂತ್ರಸ್ತೆಗೆ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು, ಕೊಡದಿರುವುದೂ 200ನೇ ಕಲಂ ಅಡಿ ಅಪರಾಧ. ಆದರೆ ಇವೆಲ್ಲ ಎರಚಿದ ನಂತರದ ಮಾತು. ಹಾಗೆಯೇ, ಹುಡುಗಿ ಒಲ್ಲೆ ಎಂದರೆ ಅದೇ ಅವಳ ಉತ್ತರ, ಮತ್ತೆ ಕೇಳುವುದು ಕಿರುಕುಳ ಎಂದು ಹುಡುಗರಿಗೆ ತರಗತಿಯಲ್ಲೇ ಹೇಳಬೇಕು. ಯಾರೋ ಹಿಂಬಾಲಿಸುತ್ತಿದ್ದಾರೆ ಎಂದು ಹುಡುಗಿ ದೂರಿದರೆ ಅವಳ ಕಾಲೇಜು ಬಿಡಿಸುವ ಸಲಹೆ ಕೊಡಬಾರದು. ದೂರನ್ನು ಅಂದೇ ಪೊಲೀಸರಿಗೆ ಕಳಿಸಬೇಕು.

ಕೊನೆಯದಾಗಿ, ನಮ್ಮ ಪಾಠದಿಂದಲೇ ಹುಟ್ಟಿಕೊಳ್ಳಬಹುದಾದ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕಿದೆ. ‘ಆ್ಯಸಿಡ್‌ಗೆ ನೀರು ಹಾಕಬಾರದು’ ಎಂದು ಕಲಿತ ಮಗು, ಗೆಳತಿಯ ಮುಖಕ್ಕೆ ಆ್ಯಸಿಡ್ ಬಿದ್ದಾಗ ನೀರು ಸುರಿಯಲು ಹಿಂಜರಿಯಬಹುದು. ಬಿಸಿ ಏಳುವುದು ಬೀಕರಿನ ಆ್ಯಸಿಡ್‌ಗೆ ಸ್ವಲ್ಪ ನೀರು ಬಿದ್ದಾಗ. ಮೈಮೇಲೆ ಧಾರಾಳ ನೀರು ಹರಿದರೆ ಅದು ಬಿಸಿಯನ್ನೂ ಆ್ಯಸಿಡ್ಡನ್ನೂ ಒಟ್ಟಿಗೆ ಕೊಂಡೊಯ್ಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸುವುದು, ಐಸ್ ಇಡುವುದು, ಅಡುಗೆ ಸೋಡಾ ಹಚ್ಚುವುದು ಬೇಡ. ಸೋಡಾ ಆಮ್ಲದೊಂದಿಗೆ ವರ್ತಿಸುತ್ತ ಕೂತರೆ ತೊಳೆಯುವ ಹೊತ್ತು ಕಳೆದುಹೋಗುತ್ತದೆ. ಆ್ಯಸಿಡ್ ತಾಗಿದ ಬಟ್ಟೆಯನ್ನು ತಲೆಯ ಮೇಲಿಂದ ಎಳೆಯದೆ ಕತ್ತರಿಸಿ ತೆಗೆಯಿರಿ, ಸರ, ಓಲೆ ಬಿಚ್ಚಿ. ಕಣ್ಣಿಗೆ ಬಿದ್ದಿದ್ದರೆ ರೆಪ್ಪೆ ಬಿಡಿಸಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ನೀರು ಹರಿಯಲಿ, ಇಲ್ಲವಾದರೆ ಇನ್ನೊಂದು ಕಣ್ಣಿಗೂ ಇಳಿಯುತ್ತದೆ. ಕನಿಷ್ಠ 20ರಿಂದ 30 ನಿಮಿಷ ನೀರು ನಿಲ್ಲಬಾರದು. ಅಷ್ಟರಲ್ಲಿ ಇನ್ನೊಬ್ಬರು 112ಕ್ಕೆ ಕರೆ ಮಾಡಲಿ. ಪ್ರತಿ ಲ್ಯಾಬಿನ ಒಂದು ನಲ್ಲಿಗಾದರೂ ಬಾಗಿಲವರೆಗೆ ಎಟುಕುವ ರಬ್ಬರ್ ಪೈಪ್ ಸದಾ ಸಿಕ್ಕಿಸಿಟ್ಟಿರಲಿ.

— ರಸಾಯನಶಾಸ್ತ್ರ ಉಪನ್ಯಾಸಕರು, ಮೈಸೂರು