ಓಣಿಯ ಋಣ

ಕಳೆದ ವಾರ ಧಾರವಾಡದಲ್ಲಿ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಭೂಗೋಳ ಎಂದರೆ ದೇಶಗಳ ರಾಜಧಾನಿಗಳನ್ನು ಬಾಯಿಪಾಠ ಮಾಡುವುದೆಂದು ಇಂದಿಗೂ ನಂಬಿರುವ ನನ್ನ ಸೋದರಮಾವನೇ ಎಲ್ಲರಿಗಿಂತ ಮೊದಲು ಫೇಡೆ ಹಂಚಿದ. ಅವನಿಗೊಂದು ನಮಸ್ಕಾರ.

ಉಳಿದ ಋಣವೆಲ್ಲ ನಾನು ಅಧ್ಯಯನ ಮಾಡಿದ ಬಾಗಲಕೋಟೆಯದು. ಆಲಮಟ್ಟಿ ಜಲಾಶಯದ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರಿ ಬಂದು ಹಳೆಯ ಊರಿನ ತಗ್ಗು ಭಾಗವನ್ನು ನುಂಗಿತು. ಮನೆ ಕಳೆದುಕೊಂಡವರಿಗಾಗಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಯೋಜಿಸಿದ ನವನಗರ ಎದ್ದಿತು: ಅಗಲವಾದ ರಸ್ತೆಗಳು, ಅಂಕಿ ಹೊತ್ತ ಸೆಕ್ಟರ್‌ಗಳು. ನಾನು ಅಲ್ಲಿಗೆ ನಾಲ್ಕು ಪುಟದ ಪ್ರಶ್ನಾವಳಿ ಹಿಡಿದು ಹೋದೆ. ಸಂತೆ ಎಷ್ಟು ದೂರ, ಶಾಲೆ ಎಷ್ಟು ದೂರ, ಪರಿಹಾರ ಎಷ್ಟು. ಜನ ಚಹಾ ಕೊಟ್ಟು, ಬೇಸರಿಸದೆ ಉತ್ತರಿಸಿದರು. ಎರಡು ತಿಂಗಳಲ್ಲಿ ರಾಶಿ ಕೋಷ್ಟಕಗಳಾದವು. ಹೇಳುವುದಕ್ಕೆ ಮಾತ್ರ ಏನೂ ಇರಲಿಲ್ಲ.

ಆಗ ಒಬ್ಬ ಅಜ್ಜಿಯ ಕೈಗೆ ಬಿಳಿ ಹಾಳೆ ಕೊಟ್ಟು, ನಿಮ್ಮ ಊರಿನ ನಕ್ಷೆ ಬರೆಯಿರಿ ಎಂದೆ. ಕಿಲ್ಲಾ ಓಣಿಯ ಬಾಗಿಲುಗಳನ್ನು ಒಂದೊಂದಾಗಿ ಬರೆದರು. ಯಾರ ಮನೆಯ ಕಟ್ಟೆ ಎತ್ತರ, ಯಾರಲ್ಲಿ ಎಮ್ಮೆ ಇತ್ತು, ಎಲ್ಲವೂ ಬಂತು. ನಾವು ಕುಳಿತಿದ್ದ ಮನೆಯೇ ಹಾಳೆಯಲ್ಲಿ ಇರಲಿಲ್ಲ. ಕೇಳಿದರೆ, "ಇದು ಸೆಕ್ಟರ್ ಅಲ್ಲವೇನವ್ವಾ? ನೀನು ಊರು ಕೇಳಿದೆ" ಎಂದರು. ನನ್ನ ಮೂರನೆಯ ಅಧ್ಯಾಯ ಆ ಹಾಳೆಯಿಂದಲೇ ಹುಟ್ಟಿತು. ಕೋಷ್ಟಕಗಳನ್ನೆಲ್ಲ ಅನುಬಂಧಕ್ಕೆ ಅಟ್ಟಿದ ಮಾರ್ಗದರ್ಶಕಿಗೆ ಶರಣು.

ಹೋಳಿ ಬಂದರೆ ಸೆಕ್ಟರ್‌ಗಳ ಅಂಕಿ ಅಳಿಸಿ, ಎಲ್ಲರೂ ಮತ್ತೆ ಕಿಲ್ಲಾದವರು, ಹಳಪೇಟೆಯವರು, ಜೈನಪೇಟೆಯವರು ಆಗುತ್ತಾರೆ. ನವನಗರದಲ್ಲೇ ಹುಟ್ಟಿದ ಹುಡುಗರು ಹಲಗೆ ಬಾರಿಸುತ್ತ ತಾವು ಬಾಳದ ಓಣಿಗೆ ನನ್ನನ್ನು ಕರೆದೊಯ್ದರು. ಅವರು ಎರಚಿದ ಬಣ್ಣ ಟಿಪ್ಪಣಿ ಪುಸ್ತಕದಲ್ಲಿ ಇನ್ನೂ ಇದೆ. ಜಲಾಶಯದ ಮಟ್ಟವನ್ನು 519.6ರಿಂದ 524.256 ಮೀಟರ್‌ಗೆ ಏರಿಸುವ ಮಾತನ್ನು ದಶಾಂಶ ತಪ್ಪದೆ ಹೇಳುತ್ತಿದ್ದ ಚಹಾ ಅಂಗಡಿಯವರಿಗೂ ನಾನು ಋಣಿ. ಮಟ್ಟ ಏರಿದರೆ ಇನ್ನಷ್ಟು ಮನೆ ಮುಳುಗುತ್ತವೆ; ಆ ಅಂಕಿಗಳು ನಿದ್ದೆ ಕೆಡಿಸುವುದನ್ನು ನಾನು ಅಲ್ಲಿ ಮೊದಲ ಸಲ ಕಂಡೆ.

2020ರಲ್ಲಿ ಕ್ಷೇತ್ರಕಾರ್ಯ ನಿಂತು, ವಿದ್ಯಾರ್ಥಿವೇತನವೂ ತಿಂಗಳುಗಟ್ಟಲೆ ಬಾರದಿದ್ದಾಗ ಸಾಲದ ಮೇಲೆ ರೊಟ್ಟಿ ಹಾಕಿದ ಖಾನಾವಳಿಯ ಅಜ್ಜನ ಲೆಕ್ಕ ಚುಕ್ತಾ ಆಗಿದೆ. ಹಣದ ಲೆಕ್ಕ ಮಾತ್ರ.

ಮೊನ್ನೆ ಪ್ರಬಂಧದ ಪ್ರತಿಯನ್ನು ಅಜ್ಜಿಗೆ ತೋರಿಸಿದೆ. ಕನ್ನಡಕ ಏರಿಸಿ ತಮ್ಮ ನಕ್ಷೆಯ ಅಚ್ಚಾದ ರೂಪ ನೋಡಿದರು. ಅಂದವಾಗಿ ಬರೆಯಲು ಹೋಗಿ ನಾನು ಬಾವಿಯನ್ನು ಓಣಿಯ ಎಡಕ್ಕೆ ಸರಿಸಿಬಿಟ್ಟಿದ್ದೇನಂತೆ. ಅಂತಿಮ ತಿದ್ದುಪಡಿಗೆ ಒಂದು ತಿಂಗಳ ಸಮಯವಿದೆ. ಮೊದಲು ಬಾವಿ.